ವ್ಯಾನ್ ಗೋ ತಿಂದ ಹಳದಿ ಬಣ್ಣ, ಪಿಯೆರೊ ಬೇಯಿಸಿದ ಐವತ್ತು ಮೊಟ್ಟೆ: ಕಲಾವಿದರ ವಿಚಿತ್ರ ಕತೆಗಳನ್ನು ಎಷ್ಟು ನಂಬಬೇಕು?

ವಿನ್ಸೆಂಟ್ ವ್ಯಾನ್ ಗೋ ಹಳದಿ ಬಣ್ಣ ತಿನ್ನುತ್ತಿದ್ದನಂತೆ. ಹಳದಿ ಸಂತೋಷದ ಬಣ್ಣ, ನುಂಗಿದರೆ ಸಂತೋಷ ಒಳಗಿಳಿಯುತ್ತದೆ ಅಂತ ನಂಬಿದ್ದನಂತೆ. ಅರ್ಧ ನಿಮಿಷದ ವಿಡಿಯೊಗಳಲ್ಲಿ, ಫಾರ್ವರ್ಡ್ ಸಂದೇಶಗಳಲ್ಲಿ ಈ ಕತೆ ವರ್ಷಗಳಿಂದ ಸುತ್ತುತ್ತಲೇ ಇದೆ. ಕೇಳಿದವರ ಮನಸ್ಸು ಕರಗುತ್ತದೆ, ಇನ್ನೊಬ್ಬರಿಗೆ ಕಳಿಸುತ್ತಾರೆ.

ನಡೆದದ್ದು ಬೇರೆ. 1889ರಲ್ಲಿ ಸಾಂ ರೆಮಿಯ ಮಾನಸಿಕ ಆಸ್ಪತ್ರೆಯಲ್ಲಿದ್ದಾಗ ವ್ಯಾನ್ ಗೋಗೆ ತೀವ್ರವಾದ ಆಘಾತಗಳು ಬರುತ್ತಿದ್ದವು. ಅಂಥ ಹೊತ್ತಿನಲ್ಲಿ ಆತ ಬಣ್ಣ ನುಂಗಲು ಹೋಗಿದ್ದ. ಆಗಿನ ಬಣ್ಣಗಳಲ್ಲಿ ಸೀಸದಂಥ ವಿಷಗಳಿರುತ್ತಿದ್ದವು. ಹಾಗಾಗಿ ವೈದ್ಯರು ಅದನ್ನು ತನಗೇ ವಿಷವಿಕ್ಕಿಕೊಳ್ಳುವ ಯತ್ನವೆಂದು ಕಂಡು, ಕೆಲಕಾಲ ಬಣ್ಣ ಕುಂಚಗಳನ್ನೇ ಆತನಿಂದ ದೂರವಿಟ್ಟರು. ಹಳದಿಯನ್ನೇ ಆರಿಸಿದ್ದ, ಸಂತೋಷಕ್ಕಾಗಿ ತಿಂದ ಎಂಬ ಮಾತಿಗೆ ಯಾವ ಆಧಾರವೂ ಇಲ್ಲ. ಆತ ಬರೆದ 800ಕ್ಕೂ ಹೆಚ್ಚು ಪತ್ರಗಳು ಉಳಿದಿವೆ. ಆಮ್‌ಸ್ಟರ್‌ಡ್ಯಾಮಿನ ವ್ಯಾನ್ ಗೋ ಮ್ಯೂಸಿಯಂ 2009ರಲ್ಲಿ ಅವನ್ನೆಲ್ಲ ಟಿಪ್ಪಣಿಗಳ ಸಮೇತ ಪ್ರಕಟಿಸಿ ಇಂಟರ್‌ನೆಟ್‌ನಲ್ಲಿ ಯಾರು ಬೇಕಾದರೂ ಓದುವಂತೆ ಇಟ್ಟಿದೆ. ಹಳದಿ ಸಂತೋಷದ ಕತೆ ಅದರಲ್ಲಿ ಎಲ್ಲೂ ಇಲ್ಲ.

ಒಬ್ಬ ಮನುಷ್ಯನ ಸಾವಿನ ಹತ್ತಿರದ ಗಳಿಗೆಯೊಂದು ಮುದ್ದಾದ ಕತೆಯಾಗಿ ಬದಲಾಗಿಬಿಟ್ಟಿದೆ. ಇದು ನನಗೆ ಸಣ್ಣ ತಪ್ಪಾಗಿ ಕಾಣುವುದಿಲ್ಲ. ಕಲಾವಿದರ ಖಾಸಗಿ ಬದುಕಿನ ವಿಚಿತ್ರಗಳು ಇಂದು ಅವರ ಚಿತ್ರಗಳಿಗಿಂತ ವೇಗವಾಗಿ ಜನರನ್ನು ಮುಟ್ಟುತ್ತಿವೆ. ಬಹಳ ಮಂದಿಗೆ ಒಬ್ಬ ಚಿತ್ರಕಾರನ ಬಗ್ಗೆ ಮೊದಲು ಗೊತ್ತಾಗುವುದು ಆತ ಸಾಕಿದ ಪ್ರಾಣಿ, ಕತ್ತರಿಸಿಕೊಂಡ ಕಿವಿ, ತೊಡದೆ ಬಿಟ್ಟ ಚಡ್ಡಿ. ಈ ಕತೆಗಳು ಸುಳ್ಳಾಗಿದ್ದಾಗ ಮಾತ್ರ ಕೇಡು ಎಂದೇನಿಲ್ಲ. ನಿಜವಾಗಿದ್ದಾಗಲೂ, 'ಕಲಾವಿದರೆಂದರೆ ಹಾಗೇ' ಎಂಬ ಒಂದು ಮಾತು ಎರಡು ಸಂಗತಿಗಳನ್ನು ಮುಚ್ಚಿಹಾಕುತ್ತದೆ. ಒಂದು, ಆ ವಿಚಿತ್ರದ ಒಳಗಿರುವ ದುಡಿಮೆ. ಇನ್ನೊಂದು, ಅದೇ ಮನೆಯಲ್ಲಿ ಬದುಕಿದ ಬೇರೆಯವರು.

ಈ ಬಗೆಯ ಕತೆಗಳ ಕಾರ್ಖಾನೆ ಶುರುವಾದದ್ದು ಸಾಮಾಜಿಕ ಜಾಲತಾಣಗಳಲ್ಲೇನೂ ಅಲ್ಲ. 1550ರಲ್ಲಿ ಚಿತ್ರಕಾರ ಜಾರ್ಜೊ ವಸಾರಿ ಇಟಲಿಯ ಕಲಾವಿದರ ಜೀವನಚರಿತ್ರೆಗಳನ್ನು ಪ್ರಕಟಿಸಿದ. 1568ರಲ್ಲಿ ಅದನ್ನೇ ಹಿಗ್ಗಿಸಿ ಮತ್ತೆ ಹೊರತಂದ. ಅದರಲ್ಲಿ ಪಿಯೆರೊ ಡಿ ಕೊಸಿಮೊ ಎಂಬ ಫ್ಲಾರೆನ್ಸಿನ ಚಿತ್ರಕಾರ ಬರುತ್ತಾನೆ. ಈತ ಗುಡುಗಿಗೆ ಹೆದರಿ ಬಾಗಿಲು ಕಿಟಕಿ ಮುಚ್ಚಿ, ನಿಲುವಂಗಿ ಸುತ್ತಿಕೊಂಡು ಮೂಲೆಯಲ್ಲಿ ಮುದುಡುತ್ತಿದ್ದ. ತೋಟದ ಗಿಡಗಳನ್ನು ಕತ್ತರಿಸಲು ಬಿಡುತ್ತಿರಲಿಲ್ಲ. ಬೇಯಿಸಿದ ಮೊಟ್ಟೆ ತಿಂದೇ ಬದುಕುತ್ತಿದ್ದ, ಅದೂ ಒಮ್ಮೆಗೆ ಐವತ್ತರಷ್ಟು ಬೇಯಿಸಿ ಬುಟ್ಟಿಯಲ್ಲಿ ಇಟ್ಟುಕೊಂಡು.

ಪಿಯೆರೊ ತೀರಿಕೊಂಡದ್ದು 1522ರಲ್ಲಿ. ಆಗ ವಸಾರಿ ಅರೆಝೊ ಊರಿನಲ್ಲಿದ್ದ ಹತ್ತು ವರ್ಷದ ಹುಡುಗ. ಮೊಟ್ಟೆಯ ಬುಟ್ಟಿಯನ್ನು ಆತ ಕಣ್ಣಾರೆ ಕಂಡಿರುವ ಸಾಧ್ಯತೆ ಕಡಿಮೆ. ಹಿರಿಯರ ಬಾಯಿಂದ ಕೇಳಿ ಬರೆದದ್ದು. ಬರೆಯಲು ಆತನಿಗೊಂದು ಕಾರಣವೂ ಇತ್ತು. ಫ್ಲಾರೆನ್ಸಿನಲ್ಲಿ ಚಿತ್ರಕಾರರು ವೈದ್ಯರು ಮತ್ತು ಔಷಧಿ ವ್ಯಾಪಾರಿಗಳ ಸಂಘಕ್ಕೆ ಸೇರಿದ್ದರು. ಬಣ್ಣದ ಪುಡಿಗಳನ್ನು ಮಾರುತ್ತಿದ್ದದ್ದು ಆ ವ್ಯಾಪಾರಿಗಳೇ. ಯಾವ ನೀಲಿ ಬಳಸಬೇಕು, ಅದರ ಗುಣಮಟ್ಟ ಎಷ್ಟಿರಬೇಕು ಎಂಬುದೂ ಕರಾರಿನಲ್ಲಿ ಬರುತ್ತಿತ್ತು. ಚಿತ್ರಕಾರ ಎಂದರೆ ಕೈಕಸುಬಿನವ ಎಂಬ ಎಣಿಕೆಯಿಂದ ತನ್ನ ವೃತ್ತಿಯನ್ನು ಮೇಲೆತ್ತುವುದು ವಸಾರಿಯ ಜೀವಮಾನದ ಹಂಬಲ. 1563ರಲ್ಲಿ ಫ್ಲಾರೆನ್ಸಿನಲ್ಲಿ ಕಲಾ ಅಕಾಡೆಮಿ ಹುಟ್ಟಿದ್ದರ ಹಿಂದೆಯೂ ಆತನೇ ಇದ್ದ. ಕಲಾವಿದ ಸಾಮಾನ್ಯ ಕುಶಲಕರ್ಮಿಯಲ್ಲ ಎಂದು ಸಾಧಿಸಬೇಕಾದರೆ ಆತ ಸಾಮಾನ್ಯರಂತೆ ಉಣ್ಣಬಾರದು, ಉಡಬಾರದು, ಮಲಗಬಾರದು. ವಿಚಿತ್ರ ನಡವಳಿಕೆ ಪ್ರತಿಭೆಗೆ ಪುರಾವೆಯಾಗಿ ಒದಗಿತು. ಐದು ಶತಮಾನ ಕಳೆದರೂ ನಾವು ಅದೇ ಪುರಾವೆಯನ್ನು ಕೇಳುತ್ತಿದ್ದೇವೆ.

ಆದರೆ ಅದೇ ಮೊಟ್ಟೆಯ ಕತೆಯಲ್ಲಿ ಎಲ್ಲರೂ ಬಿಟ್ಟುಬಿಡುವ ಒಂದು ಸಾಲಿದೆ. ಪಿಯೆರೊ ಮೊಟ್ಟೆ ಬೇಯಿಸುತ್ತಿದ್ದದ್ದು ಸರೇಸು ಎಂಬ ಅಂಟು ಕಾಯಿಸುವಾಗ, ಬೇರೆ ಉರಿ ಹಾಕುವ ಖರ್ಚು ಉಳಿಸಲು. ಮರದ ಹಲಗೆಯ ಮೇಲೆ ಚಿತ್ರ ಬರೆಯುವ ಮುಂಚೆ ಅದಕ್ಕೆ ಪ್ರಾಣಿಜನ್ಯ ಅಂಟನ್ನೂ ಸುಣ್ಣದಂಥ ಪುಡಿಯನ್ನೂ ಬೆರೆಸಿ ಹಲವು ಪದರ ಬಳಿಯಬೇಕು. ಅಂಟನ್ನು ಸಣ್ಣ ಉರಿಯಲ್ಲಿ ಬಿಸಿ ಇಟ್ಟೇ ಇರಬೇಕು. ಒಲೆ ಹೇಗೂ ಉರಿಯುತ್ತಿತ್ತು, ಆತ ಮೊಟ್ಟೆ ಹಾಕಿದ. ಸಂಖ್ಯೆಯನ್ನು ನಂಬದಿದ್ದರೂ ಈ ಒಲೆಯನ್ನು ನಾನು ನಂಬುತ್ತೇನೆ, ಏಕೆಂದರೆ ಅದು ಕಸುಬು ಗೊತ್ತಿದ್ದವರ ಬಾಯಿಂದಲೇ ಬರುವ ಮಾತು. ವಸಾರಿ ಸ್ವತಃ ಚಿತ್ರಕಾರ.

ಮೈಕೆಲಾಂಜೆಲೊ ವಿಷಯದಲ್ಲಿ ನಮ್ಮ ಅದೃಷ್ಟ ಚೆನ್ನಾಗಿದೆ; ಆತನದೇ ಕೈಬರಹ ಬೇಕಾದಷ್ಟು ಉಳಿದಿದೆ. ಸಿಸ್ಟೀನ್ ಚಾಪೆಲ್‌ನ ಚಾವಣಿಯನ್ನು ಆತ ಅಂಗಾತ ಮಲಗಿ ಚಿತ್ರಿಸಿದ ಎಂದು ಇಂದಿಗೂ ಹೇಳುವವರಿದ್ದಾರೆ. 1508ರಿಂದ 1512ರವರೆಗೆ ನಡೆದ ಆ ಕೆಲಸದ ಬಗ್ಗೆ ಆತ ಗೆಳೆಯನೊಬ್ಬನಿಗೆ ಒಂದು ಸಾನೆಟ್ ಬರೆದ. ಗಂಟಲು ಊದಿಕೊಂಡಿದೆ, ಗಡ್ಡ ಆಕಾಶಕ್ಕೆ ನೆಟ್ಟಿದೆ, ಕುಂಚದಿಂದ ತೊಟ್ಟಿಕ್ಕುವ ಬಣ್ಣ ಮುಖದ ಮೇಲೆ ನೆಲಹಾಸು ಬಿಡಿಸುತ್ತಿದೆ, ಬೆನ್ನು ಬಿಲ್ಲಿನಂತೆ ಬಾಗಿದೆ ಎಂದು ಅದರಲ್ಲಿ ತೋಡಿಕೊಂಡಿದ್ದಾನೆ. ಪಕ್ಕದಲ್ಲೇ ಒಂದು ಗೀಚು ಚಿತ್ರ: ನಿಂತು, ಕತ್ತು ಹಿಂದಕ್ಕೆ ಚಾಚಿ, ಕೈ ಮೇಲೆತ್ತಿ ಚಾವಣಿಗೆ ಬಣ್ಣ ಹಚ್ಚುತ್ತಿರುವ ಮನುಷ್ಯ. ಮಲಗಿದ ಕತೆಗಿಂತ ಇದು ಎಷ್ಟೋ ದೊಡ್ಡದು.

ಫ್ಲಾರೆನ್ಸಿನ ಕಾಸಾ ಬುವನರೋಟಿಯಲ್ಲಿ ಇನ್ನೊಂದು ಹಾಳೆ ಇದೆ. 1518ರ ಪತ್ರವೊಂದರ ಹಿಂಬದಿಯಲ್ಲಿ ಮೈಕೆಲಾಂಜೆಲೊ ಊಟದ ಪಟ್ಟಿ ಬರೆದು, ಪ್ರತಿ ಪದಾರ್ಥದ ಪಕ್ಕದಲ್ಲಿ ಅದರ ಚಿತ್ರ ಬಿಡಿಸಿದ್ದಾನೆ. ಬ್ರೆಡ್ಡು, ವೈನ್ ಹೂಜಿ, ಮೀನು, ಸೊಪ್ಪು, ಬಟ್ಟಲಲ್ಲಿ ಸಾರು. ಓದು ಬಾರದ ಆಳು ತರಬೇಕಾದದ್ದನ್ನು ನೋಡಿ ತಿಳಿಯಲಿ ಎಂದು ಹೀಗೆ ಮಾಡಿರಬೇಕೆಂಬುದು ವಿದ್ವಾಂಸರ ಊಹೆ. ಆತ ತಿಂಗಳುಗಟ್ಟಲೆ ಬೂಟು ಬಿಚ್ಚುತ್ತಿರಲಿಲ್ಲ, ಬಿಚ್ಚಿದಾಗ ಕಾಲಿನ ಚರ್ಮವೂ ಸುಲಿದು ಬರುತ್ತಿತ್ತು ಎಂಬುದೂ ತೀರಾ ಗಾಳಿಮಾತಲ್ಲ. ಆತ ಬದುಕಿದ್ದಾಗಲೇ, 1553ರಲ್ಲಿ, ಶಿಷ್ಯ ಅಸ್ಕಾನಿಯೊ ಕೊಂಡಿವಿ ಬರೆದದ್ದು ಅದು. 1564ರಲ್ಲಿ ಆತ ಸತ್ತಾಗ ರೋಮಿನ ಆ ಬೋಳು ಮನೆಯ ಪೆಟ್ಟಿಗೆಯಲ್ಲಿ 8 ಸಾವಿರಕ್ಕೂ ಹೆಚ್ಚು ಚಿನ್ನದ ನಾಣ್ಯ ಸಿಕ್ಕವು. ಬಡವನಂತೆ ಬದುಕಿದ ಶ್ರೀಮಂತ ಆತ. ಸಾಯುವ ಮುನ್ನ ತನ್ನ ಎಷ್ಟೋ ರೇಖಾಚಿತ್ರಗಳನ್ನು ಸುಟ್ಟುಹಾಕಿದ್ದ. ಪಟ್ಟ ಪಾಡು ಯಾರ ಕಣ್ಣಿಗೂ ಬೀಳದಿರಲಿ, ಪರಿಪೂರ್ಣವಾದದ್ದಷ್ಟೇ ಉಳಿಯಲಿ ಎಂಬುದೇ ಆತನ ಆಸೆಯಾಗಿತ್ತು ಎನ್ನುತ್ತಾನೆ ವಸಾರಿ.

ಇಟಲಿಯ ಚಿತ್ರಕಾರ ಕರವಾಜೊನ ಖಾಸಗಿ ಬದುಕನ್ನು ನಮಗೆ ಉಳಿಸಿಕೊಟ್ಟದ್ದು ರೋಮಿನ ಪೊಲೀಸರು ಮತ್ತು ನ್ಯಾಯಾಲಯದ ಗುಮಾಸ್ತರು. 1604ರ ಏಪ್ರಿಲ್‌ನಲ್ಲಿ ಊಟದ ಮನೆಯೊಂದರ ಮಾಣಿ ಕೊಟ್ಟ ದೂರು ಹೀಗಿದೆ: ಎಂಟು ಆರ್ಟಿಚೋಕ್ (ಹೂಮೊಗ್ಗಿನಂಥ ತರಕಾರಿ) ತಂದಿಟ್ಟೆ, ನಾಲ್ಕು ಬೆಣ್ಣೆಯಲ್ಲಿ ಮಾಡಿದ್ದು, ನಾಲ್ಕು ಎಣ್ಣೆಯಲ್ಲಿ. ಯಾವುದು ಯಾವುದು ಅಂತ ಕೇಳಿದ, ಮೂಸಿ ನೋಡಿದರೆ ಗೊತ್ತಾಗುತ್ತದೆ ಅಂದೆ. ತಟ್ಟೆ ಎತ್ತಿ ಮುಖಕ್ಕೆ ಎಸೆದ. ಎರಡು ವರ್ಷಗಳ ಮೇಲೆ, 1606ರ ಮೇ ತಿಂಗಳಲ್ಲಿ, ಅದೇ ಮನುಷ್ಯ ಜಗಳದಲ್ಲಿ ಒಬ್ಬನನ್ನು ಕೊಂದು ರೋಮ್ ಬಿಟ್ಟು ಓಡಿದ. ಆರ್ಟಿಚೋಕ್ ಪ್ರಸಂಗವನ್ನು ತಮಾಷೆಯಾಗಿ ಹೇಳುವವರು ಈ ಎರಡು ದಾಖಲೆಗಳನ್ನು ಪಕ್ಕಪಕ್ಕ ಇಟ್ಟು ಓದಬೇಕು.

ಅದೇ ಕಡತಗಳಲ್ಲಿ ಇನ್ನೊಂದು ವಿಷಯವಿದೆ. 1604ರಲ್ಲಿ ಆತ ಬಾಡಿಗೆಗೆ ಹಿಡಿದ ಮನೆಯ ಕರಾರಿನಲ್ಲಿ, ಕೋಣೆಯ ಚಾವಣಿಯ ಅರ್ಧ ಭಾಗವನ್ನು ತೆಗೆಯಲು ಅನುಮತಿ ಕೊಟ್ಟ ಒಂದು ಷರತ್ತಿತ್ತು. ಮುಂದಿನ ವರ್ಷ ಬಾಡಿಗೆ ಬಾಕಿ ಬಿತ್ತು, ಮನೆಯೊಡತಿ ನ್ಯಾಯಾಲಯಕ್ಕೆ ಹೋದಳು, ಸಾಮಾನು ಜಪ್ತಿಯಾಯಿತು. ಚಾವಣಿ ಏಕೆ ತೆಗೆಯಬೇಕಿತ್ತು? ಆ ಕಾಲದಲ್ಲೇ ಆತ ಮಾಡಿದ, ಯೇಸುವಿನ ತಾಯಿ ಮರಿಯಳ ಮರಣದ ಚಿತ್ರ ಸುಮಾರು 3.7 ಮೀಟರ್ ಎತ್ತರದ್ದು. ಅಷ್ಟು ದೊಡ್ಡ ಕ್ಯಾನ್ವಾಸ್ ನಿಲ್ಲಿಸಲು ಎತ್ತರ ಬೇಕು, ಮೇಲಿನಿಂದ ಓರೆಯಾಗಿ ಬೀಳುವ ಬೆಳಕೂ ಬೇಕು. ಕತ್ತಲ ಕೋಣೆಗೆ ಎಲ್ಲಿಂದಲೋ ಧುಮುಕುವ ಆ ಬೆಳಕಿಗಾಗಿಯೇ ನಾವು ಇಂದು ಕರವಾಜೊನನ್ನು ನೋಡಲು ಹೋಗುತ್ತೇವೆ. ಬಾಡಿಗೆ ಮನೆಯ ಜಗಳ ನೇರವಾಗಿ ಚಿತ್ರದ ಒಳಕ್ಕೆ ಕರೆದೊಯ್ಯುತ್ತದೆ. ಆರ್ಟಿಚೋಕ್‌ಗೆ ಆ ಶಕ್ತಿ ಇಲ್ಲ. ಜಾಲತಾಣಗಳಲ್ಲಿ ಹರಿದಾಡುವುದು ಮಾತ್ರ ಆರ್ಟಿಚೋಕೇ.

ಈಚಿನ ಕಾಲದಲ್ಲಿ ಈ ಮಾತಿಗೆ ಚಿತ್ರಕಾರ ಫ್ರಾನ್ಸಿಸ್ ಬೇಕನ್‌ನ ಸ್ಟುಡಿಯೊಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು. ಲಂಡನ್ನಿನ ರೀಸ್ ಮ್ಯೂಸ್ ಬೀದಿಯ 7ನೇ ನಂಬರಿನ ಚಿಕ್ಕ ಮನೆಯಲ್ಲಿ ಆತ 1961ರಿಂದ 1992ರಲ್ಲಿ ಸಾಯುವವರೆಗೂ ಕೆಲಸ ಮಾಡಿದ. ಕಾಲಿಡಲು ಜಾಗವಿರದಷ್ಟು ಕಸ. ಬಣ್ಣದ ಡಬ್ಬಿ, ಹರಿದ ಪುಸ್ತಕ, ತುಳಿದ ಫೋಟೊ, ಒಣಗಿದ ಕುಂಚ ಮೊಣಕಾಲುದ್ದ ಬಿದ್ದಿದ್ದವು. ಬಾಗಿಲು ಮತ್ತು ಗೋಡೆಗಳ ಮೇಲೆಯೇ ಬಣ್ಣ ಕಲಸುತ್ತಿದ್ದ. ಈ ಕೊಳಕು ಕೋಣೆಯ ಫೋಟೊ ನೋಡಿ ಹುಚ್ಚು ಪ್ರತಿಭೆ ಎಂದವರೇ ಎಲ್ಲ.

1998ರಲ್ಲಿ ಆ ಸ್ಟುಡಿಯೊವನ್ನು ಡಬ್ಲಿನ್ನಿನ ಹ್ಯೂ ಲೇನ್ ಗ್ಯಾಲರಿಗೆ ದಾನ ಕೊಡಲಾಯಿತು. ಗ್ಯಾಲರಿಯವರು ಪುರಾತತ್ವ ತಜ್ಞರನ್ನು ಕರೆಸಿದರು. ಉತ್ಖನನದ ಸ್ಥಳದಂತೆಯೇ ಪ್ರತಿ ವಸ್ತು ಎಲ್ಲಿತ್ತು, ಯಾವುದರ ಮೇಲಿತ್ತು ಎಂದು ನಕ್ಷೆ ಮಾಡಿ, ಗೋಡೆ, ಬಾಗಿಲು, ನೆಲ, ಚಾವಣಿ, ಕೊನೆಗೆ ಧೂಳನ್ನೂ ಸಾಗಿಸಿ 2001ರಲ್ಲಿ ಡಬ್ಲಿನ್ನಿನಲ್ಲಿ ಮರುಜೋಡಿಸಿದರು. 7 ಸಾವಿರಕ್ಕೂ ಹೆಚ್ಚು ವಸ್ತುಗಳು ಪಟ್ಟಿಯಾದವು. ಸುಮಾರು 1,500 ಫೋಟೊಗಳು, ಚಾಕುವಿನಿಂದ ಸೀಳಿದ 100 ಕ್ಯಾನ್ವಾಸ್‌ಗಳು, ಸುಮಾರು 70 ರೇಖಾಚಿತ್ರಗಳು.

ಆ ರೇಖಾಚಿತ್ರಗಳೇ ಮುಖ್ಯ. ತಾನು ಮೊದಲೇ ಕರಡು ಗೀಚುವುದಿಲ್ಲ, ಚಿತ್ರ ನೇರವಾಗಿ ಕ್ಯಾನ್ವಾಸಿನ ಮೇಲೆ ಆಕಸ್ಮಿಕವಾಗಿ ಹುಟ್ಟುತ್ತದೆ ಎಂದು ಬೇಕನ್ ಜೀವನವಿಡೀ ಸಂದರ್ಶನಗಳಲ್ಲಿ ಹೇಳಿಕೊಂಡು ಬಂದಿದ್ದ. ಕಸದ ರಾಶಿ ಬೇರೆಯದನ್ನೇ ಹೇಳಿತು. ಆತ ತಯಾರಿ ಮಾಡಿಕೊಳ್ಳುತ್ತಿದ್ದ, ಫೋಟೊಗಳನ್ನು ಹರಿದು ಮಡಚಿ ಹೊಸ ಆಕಾರ ಹುಡುಕುತ್ತಿದ್ದ, ಒಪ್ಪಿಗೆಯಾಗದ್ದನ್ನು ನಿರ್ದಯೆಯಿಂದ ಕೊಯ್ದುಹಾಕುತ್ತಿದ್ದ. ಧೂಳಿಗೂ ಕೆಲಸವಿತ್ತು. ಬ್ರಿಟನ್ನಿನ ಟೇಟ್ ಮ್ಯೂಸಿಯಂ ಸಂಗ್ರಹದಲ್ಲಿರುವ 1945ರ ಒಂದು ಚಿತ್ರದಲ್ಲಿ ಸೂಟಿನ ಬಟ್ಟೆಗೆ ಉಣ್ಣೆಯ ನಯ ಬರಲೆಂದು ನೆಲದ ಧೂಳನ್ನೇ ಒತ್ತಿದ್ದಾಗಿ ಆತನೇ ವಿವರಿಸಿದ್ದಾನೆ. ನಮಗೆ ಕಸವಾಗಿ ಕಂಡದ್ದು ಆತನ ಕಚ್ಚಾಸಾಮಗ್ರಿ.

ಬೇಕನ್ ತನ್ನ ಶ್ರಮವನ್ನು ಮರೆಮಾಚಿದ; ಸ್ಪೇನಿನ ಚಿತ್ರಕಾರ ಸಾಲ್ವದೋರ್ ದಾಲಿ ತನ್ನ ವಿಚಿತ್ರವನ್ನೇ ವ್ಯಾಪಾರಕ್ಕಿಟ್ಟ. 1936ರಲ್ಲಿ ಲಂಡನ್ನಿನ ಸರ್ರಿಯಲಿಸ್ಟ್ ಪ್ರದರ್ಶನದಲ್ಲಿ ಸಮುದ್ರದಾಳಕ್ಕೆ ಇಳಿಯುವವರ ಉಡುಪು ತೊಟ್ಟು ಭಾಷಣಕ್ಕೆ ನಿಂತು, ಉಸಿರುಗಟ್ಟಿ ಸಾಯುವ ಹಂತಕ್ಕೆ ಹೋಗಿದ್ದ. ಚಿರತೆಯಂಥ ಮಚ್ಚೆಯ ಕಾಡುಬೆಕ್ಕನ್ನು ಪಟ್ಟಿ ಕಟ್ಟಿ ಹೋಟೆಲುಗಳಿಗೆ ಕರೆತರುತ್ತಿದ್ದ. ಚುಪಾ ಚುಪ್ಸ್ ಲಾಲಿಪಾಪಿನ ಲೋಗೊ ಮಾಡಿಕೊಟ್ಟದ್ದೂ ಆತನೇ, 1969ರಲ್ಲಿ. ಇವೆಲ್ಲ ಕ್ಯಾಮೆರಾ ಎದುರು ನಡೆದ ಬದುಕು. ಖಾಸಗಿ ಎನ್ನುವ ಮಾತೇ ಅಲ್ಲಿ ಸಲ್ಲದು. ಅದರ ಬೆಲೆ ಕಲಾ ಮಾರುಕಟ್ಟೆ ತೆತ್ತಿತು. ಕೊನೆಯ ವರ್ಷಗಳಲ್ಲಿ ಆತ ಖಾಲಿ ಹಾಳೆಗಳಿಗೆ ರಾಶಿರಾಶಿ ಸಹಿ ಹಾಕಿದ. ಅವುಗಳ ಮೇಲೆ ಯಾರು ಏನು ಮುದ್ರಿಸಿದರೂ ಅದು ದಾಲಿ ಮುದ್ರಣವಾಯಿತು. ಆತನ ಹೆಸರಿನ ಮುದ್ರಣಗಳನ್ನು ಕೊಳ್ಳುವವರು ಇಂದಿಗೂ ಅಳುಕುವುದು ಆ ಕಾರಣಕ್ಕೆ. ಆತನ ಪ್ರಸಿದ್ಧ ಮೀಸೆಯೂ ಸುದ್ದಿಯಾಗುವುದನ್ನು ಬಿಡಲಿಲ್ಲ. 2017ರಲ್ಲಿ ಪಿತೃತ್ವದ ದಾವೆಯೊಂದಕ್ಕಾಗಿ ಸ್ಪೇನಿನ ಫಿಗೆರೆಸ್‌ನಲ್ಲಿರುವ ಆತನ ಸಮಾಧಿ ತೆರೆದಾಗ ಅದು ಹತ್ತು ಗಂಟೆ ಹತ್ತು ನಿಮಿಷದ ಮುಳ್ಳುಗಳ ಭಂಗಿಯಲ್ಲೇ ಇತ್ತೆಂದು ಜಗತ್ತಿಗೆಲ್ಲ ಗೊತ್ತಾಯಿತು. ದಾವೆ ಮಾತ್ರ ಡಿಎನ್‌ಎ ಪರೀಕ್ಷೆಯಲ್ಲಿ ಬಿದ್ದುಹೋಯಿತು.

ದಾಲಿಯ ಒಂದು ಅಭ್ಯಾಸವಂತೂ ಉಳಿಸಿಕೊಳ್ಳಲು ಯೋಗ್ಯ. ಕುರ್ಚಿಯಲ್ಲಿ ಕೂತು, ಬೆರಳುಗಳ ನಡುವೆ ಭಾರದ ಬೀಗದಕೈ ಹಿಡಿದು, ಕೆಳಗೆ ತಟ್ಟೆ ಬೋರಲಿಟ್ಟು ಕಣ್ಣುಮುಚ್ಚುವುದು. ನಿದ್ದೆ ಹತ್ತಿದ ಕ್ಷಣ ಬೀಗದಕೈ ಬಿದ್ದು ಸದ್ದಾಗುತ್ತದೆ, ಎಚ್ಚರವಾಗುತ್ತದೆ. ಆ ಅರೆಕ್ಷಣದ ಮಂಪರಿನಲ್ಲಿ ಕಂಡದ್ದು ಚಿತ್ರಕ್ಕೆ ಒದಗುತ್ತದೆ ಎಂದು ಆತ 1948ರಲ್ಲಿ ಬರೆದ. 2021ರಲ್ಲಿ ಪ್ಯಾರಿಸ್ಸಿನ ಸಂಶೋಧಕರು ಎಡಿಸನ್ ಹೆಸರಲ್ಲೂ ಹೇಳಲಾಗುವ ಇದೇ ಬಗೆಯ ವಿಧಾನವನ್ನು ಪ್ರಯೋಗಕ್ಕೆ ಒಡ್ಡಿದರು. ನಿದ್ದೆಯ ಮೊದಲ ಹಂತದಲ್ಲಿ ಕನಿಷ್ಠ 15 ಸೆಕೆಂಡು ಕಳೆದವರು, ಎಚ್ಚರವಾಗಿಯೇ ಇದ್ದವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚಾಗಿ, ಲೆಕ್ಕವೊಂದರ ಗುಪ್ತ ಸೂತ್ರವನ್ನು ಕಂಡುಹಿಡಿದರು.

ಇನ್ನು ಮನೆಯೊಳಗಿನವರ ಮಾತು. ಫ್ರೆಂಚ್ ಶಿಲ್ಪಿ ಆಗಸ್ಟ್ ರೋಡಾನ್ 1864ರಲ್ಲಿ ರೋಸ್ ಬರೆ ಎಂಬ ಹೊಲಿಗೆ ಕೆಲಸದ ಹುಡುಗಿಯನ್ನು ಕಂಡ, ಜೊತೆಗೆ ಬದುಕಿದ, ಮಗನೂ ಹುಟ್ಟಿದ. ಮದುವೆಯಾದದ್ದು 1917ರ ಜನವರಿ 29ರಂದು. ಫೆಬ್ರವರಿ 14ಕ್ಕೆ ಆಕೆ ತೀರಿಕೊಂಡಳು, ಅದೇ ನವೆಂಬರ್‌ನಲ್ಲಿ ಆತನೂ. ಐವತ್ತಮೂರು ವರ್ಷ ಕಾದು ಮದುವೆ ಎಂಬ ಸೋಜಿಗದ ಸುದ್ದಿಯಾಗಿ ಇದನ್ನು ಹೇಳುತ್ತಾರೆ. ಆಕೆ ಮಾಡಿದ ಕೆಲಸವನ್ನು ಹೇಳುವವರು ಕಡಿಮೆ. ಕಂಚಿಗೆ ಎರಕ ಹೊಯ್ಯುವ ಮುಂಚಿನ ಮೂರ್ತಿ ಹಸಿ ಜೇಡಿಮಣ್ಣಿನದು. ಒಣಗಿದರೆ ಮಣ್ಣು ಕುಗ್ಗುತ್ತದೆ, ಒಳಗಿನ ಕಬ್ಬಿಣದ ಚೌಕಟ್ಟು ಕುಗ್ಗುವುದಿಲ್ಲ, ಮೂರ್ತಿ ಬಿರುಕುಬಿಡುತ್ತದೆ. ದಿನವೂ ಒದ್ದೆ ಬಟ್ಟೆ ಸುತ್ತಿ, ಆ ಬಟ್ಟೆ ಆರದಂತೆ ನೀರು ಚಿಮುಕಿಸುತ್ತಿರಬೇಕು. ನೀರು ಹೆಚ್ಚಾದರೆ ಮಣ್ಣು ಜರಿಯುತ್ತದೆ, ಕಡಿಮೆಯಾದರೆ ಸೀಳುತ್ತದೆ. 1871ರಲ್ಲಿ ರೋಡಾನ್ ಕೆಲಸಕ್ಕಾಗಿ ಬ್ರಸೆಲ್ಸ್‌ಗೆ ಹೋದಾಗ ಪ್ಯಾರಿಸ್ಸಿನಲ್ಲಿ ಉಳಿದು ಆ ಮಣ್ಣನ್ನು ಕಾಪಾಡಿದವಳು ರೋಸ್. ಶಿಲ್ಪದ ಇತಿಹಾಸದಲ್ಲಿ ಆಕೆಯ ಜಾಗ ಅದು.

ರೋಡಾನ್‌ನ ಶಿಷ್ಯೆಯೂ ಪ್ರೇಯಸಿಯೂ ಆಗಿದ್ದ ಕಮೀಲ್ ಕ್ಲೋದೆಲ್ ಸ್ವತಃ ದೊಡ್ಡ ಶಿಲ್ಪಿ. ರೋಡಾನ್‌ನಿಂದ ದೂರವಾದ ಮೇಲೆ ಒಬ್ಬಳೇ ಬಾಗಿಲು ಹಾಕಿಕೊಂಡು ಬದುಕಿದಳು, ತನ್ನ ಕೃತಿಗಳನ್ನೇ ಒಡೆದುಹಾಕಿದಳು. 1913ರ ಮಾರ್ಚ್‌ನಲ್ಲಿ, ತಂದೆ ಸತ್ತು ಕೆಲವೇ ದಿನಗಳಲ್ಲಿ, ಮನೆಯವರು ಆಕೆಯನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ಮನೆಗೆ ಕರೆದೊಯ್ಯಬಹುದು ಎಂದು ವೈದ್ಯರು ಸೂಚಿಸಿದಾಗಲೂ ತಾಯಿ ಒಪ್ಪಲಿಲ್ಲ. ಮೂವತ್ತು ವರ್ಷ ಆಸ್ಪತ್ರೆಗಳಲ್ಲೇ ಇದ್ದು 1943ರಲ್ಲಿ ಸತ್ತಳು. ಕೃತಿ ಒಡೆದ ಹುಚ್ಚಿ ಎಂಬ ಕತೆ ಬಹುಕಾಲ ಆಕೆಯ ಕೃತಿಗಳನ್ನೇ ಮರೆಸಿತ್ತು. ಆಕೆಯ ಹೆಸರಿನ ಮ್ಯೂಸಿಯಂ ನೋಜಾನ್ ಸುರ್ ಸೆನ್ ಊರಿನಲ್ಲಿ ತೆರೆದದ್ದು 2017ರಲ್ಲಿ.

ಎರಿಕ್ ಗಿಲ್ ವಿಷಯದಲ್ಲಂತೂ ಈ ಮರೆಮಾಚುವಿಕೆ ಕ್ರೂರವಾಗುತ್ತದೆ. ಬ್ರಿಟನ್ನಿನ ಈ ಶಿಲ್ಪಿ, ಅಕ್ಷರ ವಿನ್ಯಾಸಕ, ಪ್ಯಾಂಟು ಬಿಟ್ಟು ನಿಲುವಂಗಿ ತೊಡುತ್ತಿದ್ದ, ಹಳ್ಳಿಯಲ್ಲಿ ಧಾರ್ಮಿಕ ಕುಶಲಕರ್ಮಿಗಳ ಸಮುದಾಯ ಕಟ್ಟಿದ್ದ. ದಶಕಗಳ ಕಾಲ ಆತನನ್ನು ನೆನೆದದ್ದು ಪ್ರೀತಿಪಾತ್ರ ವಿಲಕ್ಷಣ ವ್ಯಕ್ತಿಯಾಗಿ. 1989ರ ಜೀವನಚರಿತ್ರೆಯೊಂದು ಆತನ ದಿನಚರಿಗಳನ್ನು ತೆರೆದಾಗ, ತನ್ನ ಹೆಣ್ಣುಮಕ್ಕಳ ಮೇಲೆ ನಡೆಸಿದ ಲೈಂಗಿಕ ದೌರ್ಜನ್ಯವನ್ನು ಆತನೇ ಬರೆದಿಟ್ಟಿದ್ದು ಬಯಲಾಯಿತು. ಲಂಡನ್ನಿನ ಬಿಬಿಸಿ ಕಟ್ಟಡದ ಮುಂಭಾಗದಲ್ಲಿರುವ ಆತನ ಶಿಲ್ಪಕ್ಕೆ 2022ರಲ್ಲಿ, ಮತ್ತೆ 2023ರಲ್ಲಿ ಸುತ್ತಿಗೆಯ ಏಟು ಬಿತ್ತು. ಬಿಬಿಸಿ ಅದನ್ನು ದುರಸ್ತಿ ಮಾಡಿಸಿ, ರಕ್ಷಣೆಗೆ ಪರದೆ ಹಾಕಿ ಉಳಿಸಿಕೊಂಡಿದೆ. ಶಿಲ್ಪ ಒಡೆಯುವುದನ್ನು ನಾನು ಒಪ್ಪಲಾರೆ. ಆದರೆ ಆತನ ಶಿಲ್ಪದ ಮುಂದೆ ನಿಂತು ನಿಲುವಂಗಿಯ ಕತೆ ಮಾತ್ರ ಹೇಳುವುದನ್ನೂ ಒಪ್ಪಲಾರೆ. ಸಂದರ್ಶಕರಿಗೆ ದಿನಚರಿಯಲ್ಲಿ ಏನಿತ್ತು ಎಂದು ಹೇಳಲೇಬೇಕು. ಪಿಕಾಸೊ ಸತ್ತ ಐವತ್ತನೇ ವರ್ಷವಾದ 2023ರಲ್ಲಿ ಯುರೋಪ್ ಮತ್ತು ಅಮೆರಿಕದ ಮ್ಯೂಸಿಯಂಗಳು ಎದುರಿಸಿದ್ದೂ ಇಂಥದೇ ಪ್ರಶ್ನೆ. ಆತನನ್ನು ಬಿಟ್ಟುಹೋದ ಚಿತ್ರಕಾರ್ತಿ ಫ್ರಾನ್ಸ್ವಾಸ್ ಜಿಲೋ ತಮ್ಮ ಅನುಭವವನ್ನು 1964ರಲ್ಲೇ ಬರೆದಿದ್ದರು. ಪುಸ್ತಕ ತಡೆಯಲು ಪಿಕಾಸೊ ನ್ಯಾಯಾಲಯಕ್ಕೆ ಹೋಗಿ ಸೋತಿದ್ದ. ಓದಲು ಬಯಸಿದವರಿಗೆ ಆರು ದಶಕಗಳಿಂದ ಎಲ್ಲವೂ ಸಿಗುತ್ತಿತ್ತು.

ಕೆಲವೊಮ್ಮೆ ವಿಚಿತ್ರ ಎನ್ನುವುದು ಕಲಾವಿದರದ್ದೇ ಅಲ್ಲ, ಕಾನೂನಿನದು. ಫ್ರೆಂಚ್ ಚಿತ್ರಕಾರ್ತಿ ರೋಸಾ ಬೊನರ್ ಪ್ಯಾಂಟು ತೊಡುತ್ತಿದ್ದಳು, ಸಿಂಹ ಸಾಕಿದ್ದಳು ಎಂದು ಪಟ್ಟಿಗಳಲ್ಲಿ ಓದುತ್ತೇವೆ. ಪ್ಯಾರಿಸ್ಸಿನಲ್ಲಿ 1800ರ ಆದೇಶದ ಪ್ರಕಾರ ಹೆಂಗಸರು ಗಂಡಸರ ಉಡುಪು ತೊಡಲು ಪೊಲೀಸರ ಪರವಾನಗಿ ಬೇಕಿತ್ತು. ಕುದುರೆ ಸಂತೆ, ಕಸಾಯಿಖಾನೆಗಳಲ್ಲಿ ಉದ್ದಲಂಗದಲ್ಲಿ ನಿಂತು ಪ್ರಾಣಿಗಳ ಸ್ನಾಯು ಮೂಳೆ ಅಭ್ಯಾಸ ಮಾಡುವುದು ಆಗದ ಮಾತು. ಆಕೆ ಪರವಾನಗಿ ಪಡೆದಳು, ಆರಾರು ತಿಂಗಳಿಗೆ ನವೀಕರಿಸಿಕೊಂಡಳು. ಕುದುರೆ ಸಂತೆಯ ಆ ಬೃಹತ್ ಚಿತ್ರ ಹುಟ್ಟಿದ್ದು ಅಂಥ ಓಡಾಟದಿಂದ. ಆ ಆದೇಶ ಊರ್ಜಿತದಲ್ಲಿಲ್ಲ ಎಂದು ಫ್ರೆಂಚ್ ಸರ್ಕಾರ ಅಧಿಕೃತವಾಗಿ ಹೇಳಿದ್ದು 2013ರಲ್ಲಿ!

ಅಮೆರಿಕದ ಚಿತ್ರಕಾರ ಎಡ್ವರ್ಡ್ ಹಾಪರ್‌ನ ಮೌನ, ಜಿಪುಣತನ, ಹೆಂಡತಿಯೊಂದಿಗಿನ ಕಚ್ಚಾಟ ಎಲ್ಲವೂ ಕತೆಗಳಾಗಿವೆ. ಹೆಂಡತಿ ಜೋಸೆಫಿನ್ ಕೂಡ ಚಿತ್ರಕಾರ್ತಿ ಎಂಬುದು ಅವುಗಳಲ್ಲಿ ಅಪರೂಪಕ್ಕೆ ಬರುತ್ತದೆ. 1923ರಲ್ಲಿ ಬ್ರೂಕ್ಲಿನ್ ಮ್ಯೂಸಿಯಂನವರು ಆಕೆಯ ಚಿತ್ರಗಳನ್ನು ಪ್ರದರ್ಶನಕ್ಕೆ ಕೇಳಿದಾಗ, ಹಾಪರ್‌ನ ಜಲವರ್ಣಗಳನ್ನೂ ನೋಡಿ ಎಂದು ಹೇಳಿದವಳು ಆಕೆ. ಮ್ಯೂಸಿಯಂ ಹಾಪರ್‌ನ ಒಂದು ಚಿತ್ರ ಕೊಂಡಿತು. ಆತನ ನಿಜವಾದ ವೃತ್ತಿಜೀವನ ಆರಂಭವಾದದ್ದು ಅಲ್ಲಿಂದ. ಮುಂದಿನ ವರ್ಷ ಮದುವೆಯಾದರು. ಅಲ್ಲಿಂದಾಚೆ ಹಾಪರ್ ಚಿತ್ರಗಳ ಹೆಂಗಸರಿಗೆ ರೂಪದರ್ಶಿಯಾಗಿ ನಿಂತವಳು ಆಕೆಯೇ. 1968ರಲ್ಲಿ ಆಕೆ ಸತ್ತಾಗ ಇಬ್ಬರ ಕೃತಿಗಳೂ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂಗೆ ಹೋದವು. ಆತನವು ಸಾವಿರಾರು ಉಳಿದವು, ಆಕೆಯವು ಬಹುಪಾಲು ಅಲ್ಲಿ ಇಲ್ಲಿ ಚದುರಿ ಕಣ್ಮರೆಯಾದವು. ದಶಕಗಳ ಕಾಲ ಆಕೆ ಬರೆದಿಟ್ಟ ಖಾತೆ ಪುಸ್ತಕಗಳು ಮಾತ್ರ ಭದ್ರವಾಗಿವೆ. ಗಂಡ ಬಿಡಿಸಿದ ಪುಟ್ಟ ರೇಖಾಚಿತ್ರದ ಪಕ್ಕದಲ್ಲಿ ಚಿತ್ರದ ವಿವರ, ಬಣ್ಣಗಳು, ಮಾರಿದ ಬೆಲೆ, ಅದರಲ್ಲಿ ಗ್ಯಾಲರಿಯ ಪಾಲು ಎಲ್ಲವೂ ಆಕೆಯ ಕೈಬರಹದಲ್ಲಿವೆ. ಹಾಪರ್‌ನ ಯಾವುದೇ ಚಿತ್ರ ಯಾವಾಗ, ಯಾವ ಬಣ್ಣದಲ್ಲಿ ಆಯಿತು, ಯಾರ ಕೈ ಸೇರಿತು ಎಂದು ಹುಡುಕುವವರು ಇಂದಿಗೂ ಮೊದಲು ತೆರೆಯುವುದು ಆ ಪುಸ್ತಕಗಳನ್ನು.